ಪೂರ್ತಿ ಒಂದು ಪಾಠ

ಇಡೀ ರಗಳೆಗೆ ಮೂಲ, ಬೆಳಿಗ್ಗೆ ದೊಡ್ಡ ಮೇಡಂ ಸ್ಟಾಫ್ ರೂಮಿಗೆ ಬಂದು ಆಡಿದ ಒಂದು ಮಾತು.

"ಇವತ್ತು ಶಿಕ್ಷಣ ಇಲಾಖೆ ಸಾಹೇಬ್ರು ಬರ್ತಾರೆ. ಒಬ್ಬೊಬ್ಬರನ್ನೂ ನಿಲ್ಲಿಸಿ, ಮೇಷ್ಟ್ರಾಗಿ ನಿಮ್ಮ ಗುರಿ ಏನು ಅಂತ ಕೇಳ್ತಾರಂತೆ. ಯಾರಾದ್ರೂ ತಡವರಿಸಿದ್ರೋ, ನನ್ನ ಮರ್ಯಾದೆ ಹೋಯ್ತು ಅಂತಲೇ ಲೆಕ್ಕ."

ಅಲ್ಲಿಯವರೆಗೆ ರಜೆ ಬಿಟ್ಟರೆ ಬೇರೆ ಗುರಿಯೇ ಇಲ್ಲದೆ ನೆಮ್ಮದಿಯಾಗಿದ್ದ ಸ್ಟಾಫ್ ರೂಮು ಗಡಿಬಿಡಿಗೆ ಬಿತ್ತು. ಡ್ರಿಲ್ ಮೇಷ್ಟ್ರು 'ಉಕ್ಕಿನಂಥ ಪೀಳಿಗೆ' ಎಂಬುದನ್ನು ತಮಗೆಂದು ಕಾದಿರಿಸಿಕೊಂಡರು. ಭಾಷೆಯ ಟೀಚರ್ ಜ್ಞಾನದೀಪ ಹಚ್ಚುವ ಕೆಲಸ ವಹಿಸಿಕೊಂಡರು. ವಿಜ್ಞಾನದ ಮೇಷ್ಟ್ರು ಮಾತ್ರ ಮೂಲೆಯಲ್ಲಿ ಕೂತು ಕರಿ ಕಾಗದಗಳನ್ನು ಒಂದಕ್ಕೊಂದು ಅಂಟಿಸುತ್ತಿದ್ದರು.

"ನಿಮ್ಮ ಗುರಿ ಏನ್ರೀ?" ಎಂದು ಡ್ರಿಲ್ ಮೇಷ್ಟ್ರು ಮೂಗು ತೂರಿಸಿದರು.

"ಒಂದು ಪಾಠ. ಮಧ್ಯೆ ಯಾರೂ ಕರೀದೆ, ಬೆಲ್ಲಿಂದ ಬೆಲ್ಲಿನ ತನಕ ಪೂರ್ತಿ ಒಂದು ಪಾಠ."

ಸ್ಟಾಫ್ ರೂಮು ಬಿದ್ದು ಬಿದ್ದು ನಕ್ಕಿತು. "ಅಯ್ಯೋ, ಇದನ್ನ ಸಾಹೇಬ್ರ ಮುಂದೆ ಹೇಳಬೇಡಿಪ್ಪಾ! ಸ್ವಲ್ಪ ದೊಡ್ಡದಾಗಿ ಏನಾದ್ರೂ ಯೋಚಿಸಿ," ಎಂದರು ಟೀಚರ್.

ವಿಜ್ಞಾನದ ಮೇಷ್ಟ್ರಿಗೆ ಅದಕ್ಕಿಂತ ದೊಡ್ಡದು ಗೊತ್ತಿರಲಿಲ್ಲ. ಅವರು ಹುಡುಗನಾಗಿದ್ದಾಗ ಅವರ ಮೇಷ್ಟ್ರೊಬ್ಬರು ಕ್ಲಾಸಿನ ಕಿಟಕಿಗಳಿಗೆಲ್ಲ ಕರಿ ಕಾಗದ ಮುಚ್ಚಿ, ಒಂದೇ ಒಂದು ಸಣ್ಣ ತೂತು ಬಿಟ್ಟಿದ್ದರು. ಎದುರಿನ ಗೋಡೆಯ ಮೇಲೆ ಹೊರಗಿನ ಬೀದಿ ಬಣ್ಣ ಬಣ್ಣವಾಗಿ, ತಲೆಕೆಳಗಾಗಿ ಬಂದು ಕೂತಿತ್ತು. ಮುಂದೆ ತಾನೂ ಮೇಷ್ಟ್ರೇ ಆಗಬೇಕು ಎಂದು ಅವತ್ತೇ ನಿಶ್ಚಯವಾಯಿತು. ಆದದ್ದೂ ಆಯಿತು. ಆದರೆ ಬೆಳಕಿನ ಪಾಠಕ್ಕೆ ಬಂದಾಗಲೆಲ್ಲ ಒಂದು ವರ್ಷ ಮೋಡ, ಒಂದು ವರ್ಷ ಜನಗಣತಿ, ಇನ್ನೊಂದು ವರ್ಷ ಡ್ರಿಲ್ ಮೇಷ್ಟ್ರ ಆಟೋಟ. ಬಸ್ಸಿನಲ್ಲಿ ಜೋತುಬಿದ್ದು ನಿಂತಾಗಲೂ ಅವರಿಗೆ ಆ ಗೋಡೆಯೇ ನೆನಪಾಗುತ್ತಿತ್ತು. ಇವತ್ತು ಬಿಸಿಲು ಚೆನ್ನಾಗಿತ್ತು.

ಏಳನೇ ಕ್ಲಾಸಿನ ಕೊನೆಯ ಕಿಟಕಿಗೆ ಕಾಗದ ಹಚ್ಚುತ್ತಿದ್ದಂತೆ ಜವಾನ ಬಂದ. "ಸಾರ್, ಸಾಹೇಬ್ರ ಕುರ್ಚಿ ಅಲ್ಲಾಡ್ತಿದೆ. ನಿಮ್ಮನ್ನೇ ಕರೀಬೇಕಂತೆ. ವಿಜ್ಞಾನ ಅಲ್ವಾ."

ಕುರ್ಚಿಯ ಕಾಲಿಗೆ ರಟ್ಟು ಕೊಟ್ಟು ಓಡಿಬರುವಾಗ ಟೀಚರ್ ಅಡ್ಡಗಟ್ಟಿದರು. "ನನ್ನ ಗುರಿ ಸ್ವಲ್ಪ ಕೇಳಿಸ್ಕೊಳ್ಳಿ. ಹೇಳ್ತಾ ಹೇಳ್ತಾ ನಡುವೆ ಉಸಿರು ಕಟ್ಟತ್ತೆ."

ಅದೂ ಮುಗಿಸಿ ಬಂದರೆ, ಡ್ರಿಲ್ ಮೇಷ್ಟ್ರು ಕಾಗದವನ್ನೆಲ್ಲ ಕಿತ್ತು ರಾಶಿ ಹಾಕಿದ್ದರು. "ಮಕ್ಕಳಿಗೆ ಗಾಳಿ ಬೇಕು ಕಣ್ರೀ. ಇಲ್ಲಾಂದ್ರೆ ನನ್ನ ಪೀಳಿಗೆ ಉಕ್ಕಾಗೋದು ಹೇಗೆ?"

ಮೇಷ್ಟ್ರಿಗೆ ಅಳು ಬರುವಂತಾಯಿತು. ಅವರನ್ನು ಹೊರಗೆ ಕಳಿಸಿ, ಒಳಗಿನಿಂದ ಚಿಲಕ ಹಾಕಿಕೊಂಡು, ಮಕ್ಕಳನ್ನು ಸೇರಿಸಿಕೊಂಡು ಮತ್ತೆ ಕಾಗದ ಅಂಟಿಸಿದರು. ಪೆನ್ಸಿಲ್ ತುದಿಯಿಂದ ಒಂದು ತೂತು ಕೊರೆದರು.

ಕತ್ತಲು ಕಣ್ಣಿಗೆ ಒಗ್ಗುತ್ತಿದ್ದಂತೆ ಗೋಡೆಯ ಮೇಲೆ ಬೀದಿ ಮೂಡಿತು. ಮರ ಕೆಳಮುಖವಾಗಿ ತೂಗಿತು. ತರಕಾರಿ ಗಾಡಿಯೊಂದು ಸೂರಿನ ಹತ್ತಿರ ಉರುಳಿಹೋಯಿತು. ತಂಟೆಗೆ ಹೆಸರಾದ ಏಳನೇ ಕ್ಲಾಸು ಉಸಿರು ಬಿಗಿಹಿಡಿದು ನೋಡಿತು. ಇಷ್ಟು ವರ್ಷ ಕಾದದ್ದು ಇದಕ್ಕೇ ಎಂದುಕೊಂಡರು ಮೇಷ್ಟ್ರು.

ಏಳನೇ ಕ್ಲಾಸು ಸದ್ದಿಲ್ಲದೆ ಇರುವುದನ್ನು ಡ್ರಿಲ್ ಮೇಷ್ಟ್ರು ಕಂಡವರಲ್ಲ. ಅವರು ಬಾಗಿಲು ಬಡಿದರು. ಯಾರೂ ತೆಗೆಯಲಿಲ್ಲ. "ಒಳಗೆ ಮಕ್ಕಳೆಲ್ಲ ಮೂರ್ಛೆ ಹೋಗಿದ್ದಾರೆ!" ಎಂದು ಕೂಗುತ್ತಾ ಅವರು ಗೇಟಿನ ಕಡೆ ಓಟ ಕಿತ್ತರು. ಅದೇ ಹೊತ್ತಿಗೆ ಸಾಹೇಬರ ಕಾರು ಬಂತು.

"ಸಾರ್, ಸಾರ್! ದೊಡ್ಡ ಮೇಡಂ ತಲೆಕೆಳಗಾಗಿ ಓಡ್ತಿದ್ದಾರೆ!" ಎಂದು ಒಳಗೆ ಮಕ್ಕಳು ಕುಣಿದವು.

ಎಲ್ಲರೂ ಓಡಿಬಂದು ಬಾಗಿಲಿಗೆ ಕೊಟ್ಟ ಏಟಿಗೆ ಚಿಲಕ ಕಿತ್ತುಬಂತು. ಕಾಗದ ಹರಿಯಲು ನುಗ್ಗಿದ ಡ್ರಿಲ್ ಮೇಷ್ಟ್ರನ್ನು ಸಾಹೇಬರೇ ರಟ್ಟೆ ಹಿಡಿದು ನಿಲ್ಲಿಸಿ, ಬಾಗಿಲು ಮುಚ್ಚಿಸಿದರು. ಆಮೇಲೆ ಇಸ್ತ್ರಿ ಮಾಡಿದ ಪ್ಯಾಂಟಿನ ಗೊಡವೆಯಿಲ್ಲದೆ ಮಕ್ಕಳ ನಡುವೆ ನೆಲದ ಮೇಲೆ ಕೂತುಬಿಟ್ಟರು. "ನನ್ನ ಕಾರು!" ಎಂದು ಗೋಡೆ ತೋರಿಸಿ ಮಗುವಿನ ಹಾಗೆ ನಕ್ಕರು.

"ಮೇಷ್ಟ್ರೇ, ನಿಮ್ಮ ಗುರಿ ಏನು?"

"ಇದೇ ಸಾರ್. ಈ ಪಾಠಾನ ಪೂರ್ತಿ ಹೇಳಿ ಮುಗಿಸೋದು."

ಸಾಹೇಬರ ಕಣ್ಣು ತುಂಬಿತು. ದೊಡ್ಡ ಮೇಡಂ ಕೂಡ ಅದನ್ನು ನೋಡಿ ಕಣ್ಣು ಒರೆಸಿಕೊಂಡರು. ಆಗ, ವರ್ಷವಿಡೀ ಬಾಯಿ ಬಿಡದ ಕೊನೆ ಬೆಂಚಿನ ಹುಡುಗಿ ಎದ್ದು ನಿಂತಳು. "ಸಾರ್, ಯಾಕೆ ತಲೆಕೆಳಗಾಗಿ ಕಾಣತ್ತೆ?"

ಮೇಷ್ಟ್ರು ಖುಷಿಯಿಂದ ಬಾಯಿ ತೆರೆದರು. ಅಷ್ಟರಲ್ಲಿ ಸಾಹೇಬರು ಅವರ ಕೈ ಹಿಡಿದು ಹೊರಗೆ ಎಳೆದುಕೊಂಡು ಹೋದರು.

"ನಿಮ್ಮಂಥೋರು ಒಂದೇ ಕ್ಲಾಸಲ್ಲಿ ಕೊಳೀಬಾರ್ದು. ತರಬೇತಿ ಕೇಂದ್ರದಲ್ಲಿ ಇವತ್ತು ಮಾತಾಡಬೇಕಾದೋರು ಕೈ ಕೊಟ್ಟಿದ್ದಾರೆ. ಕಾರು ಹತ್ತಿ. ಇನ್ಮೇಲೆ ನೀವು ಅಲ್ಲೇ. ಪಾಠಗೀಠದ ಕಾಟ ಇಲ್ಲ."

"ಸಾರ್, ಆ ಹುಡುಗಿ ಏನೋ ಕೇಳಿದ್ಲು..."

"ಅದನ್ನ ಡ್ರಿಲ್ ಮೇಷ್ಟ್ರು ನೋಡ್ಕೋತಾರೆ ಬಿಡಿ."

"ಅಲ್ಲಿ ನಾನು ಏನು ಹೇಳಬೇಕು ಸಾರ್?"

"ಮೇಷ್ಟ್ರುಗಳು ಕ್ಲಾಸ್ ಬಿಟ್ಟು ಬೇರೆ ಕಡೆ ಹೋಗದ ಹಾಗೆ ಅವರಲ್ಲಿ ಉತ್ಸಾಹ ತುಂಬಬೇಕು. ನಿಮಗಿಂತ ಯೋಗ್ಯರು ಯಾರಿದ್ದಾರೆ ಹೇಳಿ?"

ಕಾರು ಗೇಟು ದಾಟಿತು. ಏಳನೇ ಕ್ಲಾಸಿನ ಕಿಟಕಿ ಹತ್ತಿರ ಬಂದಾಗ ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಅರ್ಧ ದೇಹ ಹೊರಗೆ ಚಾಚಿ, "ಬೆಳಕು ಯಾವಾಗ್ಲೂ ನೇರವಾಗಿ ಹೋಗತ್ತಮ್ಮಾ! ಅದಕ್ಕೇ ಮೇಲಿಂದ ಬಂದಿದ್ದು..." ಎಂದು ಕೂಗಿದರು.

"ಧೂಳು ಬರತ್ತೆ ಸಾರ್, ತಲೆ ಒಳಗೆ ತಗೊಳ್ಳಿ," ಎಂದು ಡ್ರೈವರ್ ಗಾಜು ಏರಿಸಿದ.