ಮಾರ್ತಾಂಡರಾಯರ ವಾನಪ್ರಸ್ಥ

ಗದಗ ಊರು ಮುಂಬಯಿ ರಾಜ್ಯದಲ್ಲಿ ಮಲಗಿ ಮೈಸೂರು ರಾಜ್ಯದಲ್ಲಿ ಎದ್ದ ದಿನವೇ ಮಾರ್ತಾಂಡರಾಯರು ಲೌಕಿಕವನ್ನು ತ್ಯಜಿಸುವ ತೀರ್ಮಾನ ಮಾಡಿದರು. ತೀರ್ಮಾನ ಮಾಡಿದರು ಎನ್ನುವುದಕ್ಕಿಂತ ಅದು ಬಾಯಿಂದ ಜಾರಿತು ಎನ್ನುವುದೇ ಸರಿ. ಬೆಟಗೇರಿಯ ವಾಚನಾಲಯದಲ್ಲಿ ಏಕೀಕರಣದ ಸಭೆ. ಜನ್ಮವಿಡೀ ಶಾಲೆಯಲ್ಲಿ ಇತಿಹಾಸ ಕಲಿಸಿ ಈಚೆಗಷ್ಟೇ ನಿವೃತ್ತರಾಗಿದ್ದ ರಾಯರಿಗೆ, ಎದುರಿಗೆ ನಾಲ್ಕು ಜನ ಕೂತರೆ ಸಾಕು, ಗಂಟಲು ತಾನಾಗಿಯೇ ಏರುತ್ತಿತ್ತು.

"ದೇಶ ಸ್ವತಂತ್ರವಾಯಿತು, ನಾಡು ಒಂದಾಯಿತು. ಆದರೆ ಮನುಷ್ಯ? ಅವನಿನ್ನೂ ಗುಲಾಮ! ಚಹಾದ ಗುಲಾಮ, ಸಂತೆಯ ಗುಲಾಮ, ಮೊನ್ನೆ ಬಂದ ಕರೆಂಟಿನ ಗುಲಾಮ! ನಾನು ಇದೆಲ್ಲವನ್ನೂ ಬಿಟ್ಟು ಮಾಗಡಿ ಕೆರೆಯ ದಂಡೆಗೆ ಹೋಗುತ್ತೇನೆ. ಯಾರನ್ನೂ ಅವಲಂಬಿಸದೆ ನನ್ನ ಕೈಯಿಂದಲೇ ಬದುಕುತ್ತೇನೆ!"

ಚಪ್ಪಾಳೆ ಬಿತ್ತು. ಚಪ್ಪಾಳೆಯ ಭರದಲ್ಲಿ ವಾಚನಾಲಯದ ಕಾರ್ಯದರ್ಶಿ ಪಾಂಡುರಂಗರಾಯರು, ಅಧ್ಯಕ್ಷರಿಗೆಂದು ತಂದಿದ್ದ ಹಾರವನ್ನು ಇವರ ಕೊರಳಿಗೆ ಹಾಕಿಬಿಟ್ಟರು. ಹಾರ ಬಿದ್ದ ಮೇಲೆ ಹಿಂದೆ ಸರಿಯುವುದು ಹೇಗೆ? (ಜಾತ್ರೆಯ ಕುರಿಯದೂ ಇದೇ ತಾಪತ್ರಯ.)

ಹೆಂಡತಿ ತುಳಸಾಬಾಯಿ ಅಳುತ್ತಾಳೆ, ಬೇಡವೆನ್ನುತ್ತಾಳೆ, ಅವಳ ಕಣ್ಣೀರಿನ ನೆಪದಲ್ಲಿ ಪ್ರತಿಜ್ಞೆಯನ್ನು ಗೌರವಯುತವಾಗಿ ಸಡಿಲಿಸಬಹುದು ಎಂಬ ಆಸೆ ಹೊತ್ತು ರಾಯರು ಮನೆಗೆ ಬಂದರು. ತುಳಸಾಬಾಯಿ ಅಕ್ಕಿ ಆರಿಸುತ್ತ ಎಲ್ಲವನ್ನೂ ಕೇಳಿದರು.

"ಯಾರನ್ನೂ ಅವಲಂಬಿಸೂದಿಲ್ಲ ಅಂತ ಮಂದಿ ಮುಂದ ಅಂದೀರೇನು?"

"ಅಂದೀನಿ."

"ಮ್ಯಾಲ ಹಾರಾನೂ ಹಾಕಿಸ್ಕೊಂಡೀರಿ."

"ಕೊರಳಾಗ ಕಾಣವಲ್ತೇನು?"

"ಹಂಗಾದ್ರ ನಡೀರಿ, ನಾನೂ ಬರ್ತೀನಿ. ವಾನಪ್ರಸ್ಥಕ್ಕ ಹೆಂಡತಿ ಬರಬಹುದಲ್ಲ? ನಾನೂ ಯಾರನ್ನೂ ಅವಲಂಬಿಸೂದಿಲ್ಲ."

ಕೊನೆಯ ಮಾತು ರಾಯರ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ದೀಪಾವಳಿ ಮುಗಿಸಿ ಚಕ್ಕಡಿಯಲ್ಲಿ ಶಿರಹಟ್ಟಿ ಸೀಮೆಯ ಮಾಗಡಿಗೆ ಬಂದರು. ಸೋದರಮಾವನ ಹೊಲದಲ್ಲೊಂದು ಗುಡಿಸಲು, ಎದುರಿಗೆ ಕೆರೆ, ಕೆರೆಯ ತುಂಬ ಎಲ್ಲಿಂದಲೋ ಬಂದಿಳಿದ ಹಕ್ಕಿಗಳು. ಬಾಜು ಹೊಲದ ಫಕೀರಸಾಬ ಗಾಬರಿಯಿಂದ ಓಡಿಬಂದ.

"ಯಾಕ್ರಿ ರಾಯರ, ಊರಾಗ ಏನರ ಜಗಳ ಆತೇನ್ರಿ?"

ರಾಯರು ಪ್ರತಿಜ್ಞೆ, ಚಪ್ಪಾಳೆ, ಹಾರ ಎಲ್ಲವನ್ನೂ ಬಿಡಿಸಿ ಹೇಳಿದರು. "ಒಟ್ಟ ನಮ್ಮ ಕೆಲಸ ನಾವ ಮಾಡ್ಕೊಂಡು, ಹೊಲದಾಗ ಇರೂದಪಾ."

"ಅಯ್ಯ, ಇಷ್ಟಕ್ಕ ಗದಗದಾಗ ಹಾರ ಹಾಕ್ತಾರೇನ್ರಿ?" ಎಂದು ಫಕೀರಸಾಬ ಬೆರಗಾದ.

ಮೊದಲ ದಿನದ ಮಧ್ಯಾಹ್ನ. ರಾಯರು ಕೆರೆಯಲ್ಲಿ ಮಿಂದು, ಮಡಿ ಉಟ್ಟು, ಮುದ್ರೆ ಹಚ್ಚಿಕೊಂಡು, ಸಂಧ್ಯಾವಂದನೆ ತೀರಿಸಿ ಪತ್ರಾವಳಿಯ ಮುಂದೆ ಕೂತರು. ಮದುವೆಯಾದಂದಿನಿಂದ ಅವರ ರೂಢಿ ಒಂದೇ: ಕಣ್ಣು ಮುಚ್ಚಿ ಸ್ತೋತ್ರ ಹೇಳುವುದು, ಹೇಳಿ ಮುಗಿಸುವಷ್ಟರಲ್ಲಿ ಎಲೆ ತುಂಬಿರುವುದು. ಅಂದೂ ಸ್ತೋತ್ರ ಮುಗಿಸಿ, ಕಣ್ಣು ತೆರೆಯದೆಯೇ ಎಲೆಯ ಸುತ್ತ ನೀರು ಬಿಟ್ಟು, "ಗೋವಿಂದಾ" ಎಂದು ಅಂಗೈಯ ನೀರು ಕುಡಿದು ಆಪೋಶನ ತೆಗೆದುಕೊಂಡು, ಅನ್ನಕ್ಕೆ ಕೈ ಹಾಕಿದರು. ಬೆರಳಿಗೆ ಎಲೆ ತಾಕಿತು. ಎಲೆಯ ಹೊರತು ಬೇರೇನೂ ತಾಕಲಿಲ್ಲ.

"ಏ, ಬಡಿಸೂದ ಮರ್ತೀಯೇನು?"

ಗುಡಿಸಲಿನ ನಡುವಿನ ಬಿದಿರು ತಟ್ಟಿಯ ಆಚೆಯಿಂದ ಉತ್ತರ ಬರುವುದು ತುಸು ತಡವಾಯಿತು, ಬಾಯಲ್ಲಿ ತುತ್ತಿತ್ತು. "ನಾ ಊಟ ಮಾಡ್ಲಿಕ್ಹತ್ತೀನ್ರೀ."

"ನನಕಿಂತ ಮೊದಲ?"

"ನಂದು ನಾ ಮಾಡ್ಕೊಂಡೆ. ನಿಮಗ ಮಾಡಿ ಹಾಕಿದ್ರ ನಿಮ್ಮ ಪ್ರತಿಜ್ಞಾ ಮುರೀತದ. ಆ ಪಾಪ ನನಗ್ಯಾಕ್ರಿ? ಹಿಟ್ಟು ಬುಟ್ಟ್ಯಾಗದ, ಹಂಚು ಒಲೀಮ್ಯಾಲದ, ಏಳ್ರಿ."

"ಏಳೂದ್ಹೆಂಗ? ಆಪೋಶನ ತಗೊಂಡುಬಿಟ್ಟೀನಿ!"

ಆಪೋಶನ ತೆಗೆದುಕೊಂಡವರು ಉಣ್ಣದೆ ಎದ್ದರೆ ಆ ದಿನ ಮತ್ತೆ ಎಲೆಗೆ ಕೂಡುವಂತಿಲ್ಲ, ಇದು ರಾಯರ ಮನೆತನದ ಕಟ್ಟು. ಏಳದಿದ್ದರೆ ಜೋಳದ ಭಕ್ಕರಿ ಇಲ್ಲ, ಎದ್ದರೆ ಊಟವಿಲ್ಲ. ಈ ಧರ್ಮಸಂಕಟದಲ್ಲಿ ಸಿಕ್ಕಿ, ಕಡೆಗೆ ಏಕಾದಶಿಯಲ್ಲದ ದಿನ ಏಕಾದಶಿ ಮಾಡಿ ಮಲಗಿದರು.

ಮರುದಿನದಿಂದ ರಾಯರೇ ಭಕ್ಕರಿ ಬಡಿಯತೊಡಗಿದರು. ಮೊದಲನೆಯದು ಅಂಗೈ ಬಿಟ್ಟು ಬರಲಿಲ್ಲ. ಎರಡನೆಯದು ಏಕೀಕರಣಕ್ಕೆ ಮುಂಚಿನ ಕನ್ನಡ ನಾಡಿನಂತೆ ಐದು ಚೂರಾಗಿ ಹಂಚಿನ ಮೇಲೆ ಬಿತ್ತು. (ಇತಿಹಾಸದ ಮಾಸ್ತರರಲ್ಲವೇ, ಮುಂಬಯಿ ಭಾಗ ಹೊತ್ತಿದೆ, ಹೈದರಾಬಾದು ಭಾಗ ಹಸಿ ಇದೆ ಎಂದು ಗುರುತಿಸಿ ತಿಂದರು.) ತಟ್ಟಿಯ ಆಚೆಯಿಂದ ಝುಣಕದ ಒಗ್ಗರಣೆಯ ಪರಿಮಳ ಬರುತ್ತಿತ್ತು. ಪರಿಮಳಕ್ಕೆ ಮಾತ್ರ ಯಾವ ಪ್ರತಿಜ್ಞೆಯ ಅಡ್ಡಿಯೂ ಇರಲಿಲ್ಲ.

ತುಳಸಾಬಾಯಿಯಾದರೋ ದಿನದಿನಕ್ಕೂ ಅರಳಿದರು. ಒಬ್ಬರ ಅಡಿಗೆ ಎಷ್ಟು ಹೊತ್ತಿನದು? ಉಂಡು, ನಿದ್ದೆ ಮಾಡಿ, ಎದ್ದು, ಫಕೀರಸಾಬನ ಹೆಂಡತಿ ರಮಜಾನಬಿಯ ಜೊತೆ ಕೆರೆಯ ಏರಿಯ ಮೇಲೆ ಕೂತುಬಿಡುವರು.

"ಆ ಹಕ್ಕೀ ನೋಡ್ರಿ," ಎಂದು ಗಂಡನನ್ನೂ ಕರೆದರು ಒಂದು ದಿನ. "ಗಂಡೂ ಹೆಣ್ಣೂ ತಮ್ಮ ತಮ್ಮ ಹೊಟ್ಟಿ ತಾವ ತುಂಬಿಸ್ಕೋತಾವ. ಒಂದರ ಭಾಷಣ ಮಾಡ್ತದೇನು?"

ರಾಯರು ಸಮಯ ನೋಡಿ ವಿಷಯ ತೆಗೆದರು. "ನಿನಗ ಇಲ್ಲೆ ಭಾಳ ತ್ರಾಸ ಆಗ್ಯದ. ನಿನ್ನ ಸಲುವಾಗಿ ಬೇಕಾದ್ರ ಊರಿಗೆ ಹೋಗೋಣು."

"ನನಗ ತ್ರಾಸ? ಮಧ್ಯಾಹ್ನದ ನಿದ್ದಿ ಅಂದ್ರ ಏನಂತ ಇಲ್ಲೆ ಬಂದ ಮ್ಯಾಲ ಗೊತ್ತಾಗೇದ್ರೀ!"

ಇನ್ನುಳಿದದ್ದು ಒಂದೇ ದಾರಿ. ಊರೇ ಬಂದು ಕರೆಯಬೇಕು. ಆಗ ಹೊಟ್ಟೆಯೂ ಉಳಿಯುತ್ತದೆ, ಮಾನವೂ ಉಳಿಯುತ್ತದೆ. ಹತ್ತಿ ಮಾರಲು ಗದಗಿಗೆ ಹೊರಟಿದ್ದ ಫಕೀರಸಾಬನ ಮೂಲಕ ಪಾಂಡುರಂಗರಾಯರಿಗೆ ಗುಟ್ಟಾಗಿ ಹೇಳಿಕಳಿಸಿದರು: "ನಾಲ್ಕು ಮಂದಿ ಕೂಡಿ ಬಂದು ಒತ್ತಾಯ ಮಾಡ್ರಿ. ನಾ ಮೊದಲ ಒಲ್ಲೆ ಅಂತೀನಿ, ಬಿಡಬ್ಯಾಡ್ರಿ."

ರವಿವಾರ ವಾಚನಾಲಯದ ನಾಲ್ವರು ಬಂದರು. ವಾನಪ್ರಸ್ಥ ನೋಡುವ ಆಸೆಯಿಂದ ಅವರ ಹೆಂಡಂದಿರೂ ಬಂದರು.

"ನೀವಿಲ್ಲದ ವಾಚನಾಲಯ ಭಣಭಣ ಅಂತದ. ನಡೀರಿ ರಾಯರ," ಎಂದರು ಪಾಂಡುರಂಗರಾಯರು.

"ಛೇ ಛೇ, ಒಲ್ಲೆ," ಎನ್ನುತ್ತ ರಾಯರು ಒಂದು ಕೈಯಿಂದ ಹಾಸಿಗೆಯ ಸುರುಳಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

ಒಳಗೆ ಹೆಂಗಸರ ನಗೆ ಜೋರಾಗಿತ್ತು. ಸ್ವಲ್ಪ ಹೊತ್ತಿಗೆ ಪಾಂಡುರಂಗರಾಯರ ಹೆಂಡತಿ ಜಾನಕೀಬಾಯಿ ಹೊರಗೆ ಬಂದರು.

"ಕೇಳಿದ್ರೇನು? ಕಾರ್ತೀಕ ಮಾಸ. ಕೆರೀ ಸ್ನಾನ ಭಾಳ ಪುಣ್ಯ. ಮಾಸ ಮುಗಿಯೂತನಕ ನಾವು ನಾಲ್ಕೂ ಮಂದಿ ತುಳಸಾಬಾಯಿ ಜೋಡಿ ಇಲ್ಲೇ ಇರ್ತೀವಿ."

"ಮತ್ತ ಊಟಾ?" ಎಂದರು ಪಾಂಡುರಂಗರಾಯರು.

"ನಮ್ಮದು ನಾವು ಮಾಡ್ಕೋತೀವ್ರೀ."

"ನಿಮ್ಮದಲ್ಲ, ನಮ್ಮದು!"

"ರಾಯರು ಭಾಷಣದಾಗ ಹೇಳ್ಯಾರಲ್ಲ. ಚಪ್ಪಾಳಿ ಹೊಡದೀರಿ ಅಂತ ಕೇಳೀನಿ."

ಕಾರ್ತೀಕ ಸ್ನಾನಕ್ಕೆ ಬೇಡವೆನ್ನುವ ಧೈರ್ಯ ಯಾವ ಗಂಡನಿಗಿದೆ? ನಾಲ್ವರೂ ಒಟ್ಟಿಗೆ ಮಾರ್ತಾಂಡರಾಯರನ್ನು ನೋಡಿದರು. ಆ ನೋಟದಲ್ಲಿ ಹಾರ ಹಾಕುವ ಇರಾದೆ ಕಾಣಲಿಲ್ಲ.

"ಗುಡಿಸಲದಾಗ ಹೆಂಗಸರಿಗೇ ಜಾಗಾ ಸಾಲವಲ್ತು," ಎಂದರು ತುಳಸಾಬಾಯಿ ಗಂಡನಿಗೆ. "ನೀವು ಇವರ ಜೋಡಿ ಊರಿಗೆ ಹೋಗ್ರಿ."

ಹೀಗೆ ರಾಯರಿಗೆ ಬೇಕಾದದ್ದು ಸಿಕ್ಕಿತು. ಸಂಜೆ ಗದಗದ ಬಸ್ಸು ಹೊರಡುವಾಗ ತುಳಸಾಬಾಯಿ ಕಿಟಕಿಯ ಹತ್ತಿರ ಬಂದು ಒಂದು ಬಟ್ಟೆಯ ಗಂಟು ಕೊಟ್ಟರು. "ಮೂರು ಭಕ್ಕರಿ, ಹಚ್ಕೊಳ್ಳಿಕ್ಕೆ ಅಗಸೀ ಹಿಂಡಿ ಅದ. ಭಾಳ ಬಡಕಾಗೀರಿ. ಪ್ರತಿಜ್ಞಾ ಮುರದ್ರ ಮುರೀಲಿ, ಉಣ್ರಿ." ಅವರ ಕಣ್ಣು ತೇವವಾಗಿತ್ತೋ, ಬಸ್ಸಿನ ಧೂಳು ಬಿದ್ದಿತ್ತೋ, ರಾಯರು ತೇವವೆಂದೇ ನಂಬಿದರು.

ಬಸ್ಸು ಹೊರಟಿತು. ಗಂಟು ಇನ್ನೂ ಬಿಸಿಯಾಗಿತ್ತು. ಪಾಂಡುರಂಗರಾಯರು ಎದ್ದು ಬಂದು ಪಕ್ಕದಲ್ಲೇ ಕೂತರು.

"ರಾಯರ, ನಮ್ಮೊಳಗ ಭಕ್ಕರಿ ಬಡಿಯೂದು ಕಲ್ತವ್ರು ನೀವೊಬ್ಬರ."

"ನನ್ನವು ಚೂರಾಗ್ತಾವ್ರೀ."

"ಆಗಲಿ. ನಾಳಿಂದ ನಾಲ್ಕೂ ಮಂದಿ ಊಟ ನಿಮ್ಮಲ್ಲೇ."

"ಮತ್ತ ಇವತ್ತಿಂದು?" ಎಂದು ಹಿಂದಿನ ಸೀಟಿನಿಂದ ಯಾರೋ ಕೇಳಿದರು.

ನಾಲ್ಕು ಜೊತೆ ಕಣ್ಣುಗಳೂ ರಾಯರ ಮಡಿಲಿಗೆ ಬಂದು ನಿಂತವು. ಮಾರ್ತಾಂಡರಾಯರು ಗಂಟನ್ನು ಮೆಲ್ಲನೆ ಕೋಟಿನೊಳಗೆ ಸರಿಸಿಕೊಂಡು, ಸುತ್ತ ನಾಲ್ಕು ಜನ ಕೂತಿದ್ದರೂ, ಒಂದೂ ಮಾತಾಡದೆ ಶಿರಹಟ್ಟಿ ಸೀಮೆಯ ಕತ್ತಲನ್ನು ನೋಡುತ್ತ ಕೂತರು.