ಹಿತ್ತಲಲ್ಲಿ ಸಿಕ್ಕ ತಾಮ್ರದ ತಗಡು

ನನಗೆ ಮಾಟ ಮಂತ್ರದಲ್ಲಿ ನಂಬಿಕೆ ಇಲ್ಲ. ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿದ ಮೇಲೆ ನೀವು ಒಪ್ಪುವುದಿಲ್ಲ.

ಕೊಟ್ಟೂರಿನಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ. ಮಗ ಕೊಟ್ರೇಶ ಅದಕ್ಕೆ ಹೊಸ ಮೋಟಾರು, ಗೋಡೆಗೆ ಕಬ್ಬಿಣದ ಪ್ಯಾನಲ್ ಡಬ್ಬಿ ಹಾಕಿಸಿದಾಗ ನಾನು ಮಗಳ ಬಾಣಂತನಕ್ಕೆ ಹಡಗಲಿಯಲ್ಲಿದ್ದೆ. ಬಂದ ಮೇಲೆ ಹಸಿರು ಬಟನ್ ಒತ್ತಿದರೆ ಶುರು, ಕೆಂಪು ಒತ್ತಿದರೆ ಬಂದ್ ಎಂದು ತೋರಿಸಿದ. ಅಷ್ಟಕ್ಕೇ ನಾನು ಗಿರಣಿ ವಿದ್ಯೆಯಲ್ಲಿ ಪಾರಂಗತಳಾದೆ!

ಒಂದೇ ತಿಳಿಯಲಿಲ್ಲ. ಹಿತ್ತಲ ಮೂಲೆಯ ಬರಿ ನೆಲಕ್ಕೆ ಅವನು ದಿನಾ ಸಂಜೆ ಒಂದು ಕೊಡ ನೀರು ಸುರಿಯುತ್ತಿದ್ದ. ಯಾಕೋ ಎಂದರೆ, "ಅದಕ್ಕ ನೀರು ಬೇಕಬೇ ಯವ್ವಾ" ಅನ್ನುತ್ತಿದ್ದ. ಗಿಡವಿಲ್ಲ, ಗಂಟಿಲ್ಲ!

ಅವನು ಬೆಲ್ಟು ತರಲು ಹರಪನಹಳ್ಳಿಗೆ ಹೋದ ದಿನ, ಒದ್ದೆ ನೆಲ ಸುಮ್ಮನೆ ಹಾಳಾಗುತ್ತದಲ್ಲ ಎಂದು ಅಲ್ಲಿ ನುಗ್ಗೆ ಹಚ್ಚಲು ಅಗೆದೆ. ಇದ್ದಲಿ ಬಂತು. ಉಪ್ಪು ಬಂತು. ಕೆಳಗೆ ತಾಮ್ರದ ತಗಡು, ಅದಕ್ಕೆ ದಪ್ಪ ತಂತಿ ಬಿಗಿದಿತ್ತು! ನಂಬಿಕೆ ಇಲ್ಲದ ನಾನು ಮೂರು ಹೆಜ್ಜೆ ಹಿಂದೆ ಸರಿದೆ. ಮಗ ಬರಿ ನೆಲಕ್ಕೆ ನೀರು ಹಾಕುವ ಗುಟ್ಟು ಆಗ ತಿಳಿಯಿತು: ಯಾರೋ ಮಾಟ ಮಾಡಿಸಿ ಅವನಿಗೆ ಹುಚ್ಚು ಹಿಡಿಸಿದ್ದಾರೆ!

ವಿಚಾರಣೆ ನಡೆಸಿದೆ. ಇದ್ದಲಿ ಯಾರ ಹತ್ತಿರ ಇದೆ? ಪಕ್ಕದ ಮನೆಯ ಗಂಗವ್ವನ ಹತ್ತಿರ. ಅವಳು ಮಿರ್ಚಿ ಕರಿಯುವ ಒಲೆಗೆ ಚೀಲಗಟ್ಟಲೆ ಇದ್ದಲಿ ತರುತ್ತಾಳೆ. ಉಪ್ಪು? ಅವಳ ಹತ್ತಿರವೂ ಇದೆ. ತೀರ್ಪು ಆಯಿತು!

"ಲೇ ಗಂಗೀ, ಹೊರಗ ಬಾರಲೇ!"

"ಎಣ್ಣಿ ಕಾದೈತಿ ಅಕ್ಕಾ, ಏನದು?"

"ನಮ್ಮ ಮನಿಗೆ ಮಾಟ ಮಾಡ್ಸಿ ಎಣ್ಣಿ ಕಾಸ್ತೀಯೇನು?"

"ಮಾಟಕ್ಕ ನನಗ ಪುರಸೊತ್ತೆಲ್ಲೈತಿ? ನಿನ್ನ ಗಿರಣ್ಯಾಗ ಕಡ್ಲಿಹಿಟ್ಟಿಗೆ ಪಾಳಿ ಹಚ್ಚೋದ್ರಾಗ ಹೊತ್ತು ಮುಳುಗ್ತೈತಿ!"

ಸೊಸೆಯಂದಿರಾಗಿ ಬಂದಾಗಿನಿಂದ ಎರಡು ಹಿತ್ತಲ ನಡುವಿನ ಗೋಡೆಯ ಮೇಲೆ ಇಬ್ಬರೂ ಚಾ ಲೋಟ ಇಟ್ಟುಕೊಂಡು ಊರೆಲ್ಲ ಆಡಿಕೊಂಡವರು. ಅವತ್ತು ಮಾತು ಮುರಿಯಿತು.

ತಂತಿ ಕಿತ್ತು, ತಗಡಿಗೆ ಕುಂಕುಮ ಬಳಿದು, ನಿಂಬೆಹಣ್ಣು ಕೊಯ್ದು ಮೂರು ದಾರಿ ಕೂಡುವಲ್ಲಿ ಎಸೆದು ಬಂದೆ. ತಲೆ ಮೇಲೆ ನೀರು ಹಾಕಿಕೊಂಡು ಹಸಿ ಮೈಯಲ್ಲೇ ಗಿರಣಿ ತೆರೆದೆ. ಗಂಗವ್ವ ಕಡಲೆ ಬುಟ್ಟಿ ಹೊತ್ತು ಬಂದವಳು ನನ್ನನ್ನು ಬಿಟ್ಟು ಗಿರಣಿಯ ಗೋಡೆಯನ್ನು ಕೇಳಿದಳು: "ಗಿರಣಿ ನಡೀತೈತೋ, ಇಲ್ಲೋ?"

ದೊಡ್ಡ ಸ್ವಿಚ್ಚು ಹಾಕಿ ಹಸಿರು ಬಟನ್ ಒತ್ತಿದೆ. ಸದ್ದಿಲ್ಲ. ಒಂದು ಕೈಯಲ್ಲಿ ಬಟನ್ ಒತ್ತಿಹಿಡಿದು, ಇನ್ನೊಂದು ಒದ್ದೆ ಕೈಯಿಂದ ಮಿಷನ್ನಿನ ಬೆನ್ನಿಗೆ ಫಟ್ ಎಂದು ಹೊಡೆದೆ. ಅದು ತಿರುಗಿ ಹೊಡೆಯಿತು!

ಹೋಗಿ ಹಿಟ್ಟಿನ ರಾಶಿಯಲ್ಲಿ ಬಿದ್ದೆ. ಗಂಗವ್ವ ಕಡಲೆ ಚೆಲ್ಲಿ ಓಡಿ ಬಂದು ಎಬ್ಬಿಸಿದಳು. ಜೀವ ಇದೆ ಎಂದು ಖಾತ್ರಿಯಾದ ಮೇಲೆ ಕೇಳಿದಳು: "ಮಾಟ ಮಾಡ್ಸಿದಾಕಿ ನಾನು. ನಿನಗ್ಯಾಕ ಹೊಡೀತು?"

ಲೈಟಿನ ಕೆಲಸದ ಬಸಣ್ಣ ಬಂದು ಡಬ್ಬಿ ತೆರೆದ.

"ನ್ಯೂಟ್ರಲ್ ಅಂದ್ರ ಕರೆಂಟು ಕೆಲಸ ಮುಗಿಸಿ ಹೊಳ್ಳಿ ಹೋಗೋ ದಾರಿ. ಅರ್ಥಿಂಗ್ ಅಂದ್ರ ಎಲ್ಲೆರ ಸೋರಿದ್ರ ಮಣ್ಣಿಗೆ ಇಳಿಯೋ ದಾರಿ. ಇಲ್ಲಿ ಯಾವನೋ ತಲಿ ಇಲ್ದವ ನ್ಯೂಟ್ರಲ್ ಬಿಟ್ಟು ಎಲ್ಲಾ ಅರ್ಥಿಂಗಿಗೆ ಸುತ್ಯಾನ!"

"ಈ ಡಬ್ಬಿ ಕೂಡಿಸಿದಾವ ನೀನ ಅಂತ ನನ್ನ ಮಗ ಹೇಳಿದ್ನಲ್ಲೋ ಬಸಣ್ಣ?"

ಅವನು ಸ್ವಲ್ಪ ಕೆಮ್ಮಿದ. "ಅದಿರ್ಲಿ ಅಮ್ಮಾ. ಹಿತ್ತಲದಾಗ ತಗಡು ಹುಗಿದು ಮಾಡಿದ್ದ ಮಣ್ಣಿನ ದಾರಿನೂ ಇವತ್ತು ಯಾರೋ ಕಿತ್ತಾರ. ಬಟನ್ ಒತ್ತಿದಾಗ ಕರೆಂಟಿಗೆ ನೀನ ದಾರಿ ಆದಿ."

ಈಗ ನಾನು ಕೆಮ್ಮಿದೆ.

ತಗಡು ತರಲು ಓಡಿದೆ. ಅಷ್ಟು ತಾಮ್ರ ನಡುಬೀದಿಯಲ್ಲಿದ್ದರೂ ಒಬ್ಬರೂ ಮುಟ್ಟಿರಲಿಲ್ಲ! ಎಂಥ ಪ್ರಾಮಾಣಿಕ ಊರು ಎಂದುಕೊಂಡೆ. ಆಮೇಲೆ ಕುಂಕುಮ ಕಂಡಿತು.

ಬಸಣ್ಣ ನ್ಯೂಟ್ರಲನ್ನು ಅದರ ಜಾಗಕ್ಕೆ ಬಿಗಿದ. ತೆಗ್ಗನ್ನು ಈ ಸಲ ಆಳವಾಗಿ ತೋಡಿಸಿದ. "ಇನ್ನು ಉಪ್ಪು, ಇದ್ದಲಿ ಬೇಕು. ಮ್ಯಾಲೆ ದಿನಾ ಒಂದು ಕೊಡ ನೀರು, ನೆಲ ಹಸಿ ಇದ್ರನ ಕರೆಂಟು ಇಳೀತೈತಿ" ಎಂದ. ಅಷ್ಟು ಇದ್ದಲಿ ನಮ್ಮ ಓಣಿಯಲ್ಲಿ ಒಬ್ಬಳ ಹತ್ತಿರವೇ ಇರುವುದು. ಬುಟ್ಟಿ ಹಿಡಿದು ಗೋಡೆಯ ಹತ್ತಿರ ನಿಂತೆ.

"ಗಂಗಾ, ಸ್ವಲ್ಪ ಇದ್ದಲಿ..."

"ಮಾಟಕ್ಕೇನು?"

"ಹೂಂನಬೇ."

ಬುಟ್ಟಿ ತುಂಬ ಕೊಟ್ಟಳು. ಕೇಳದಿದ್ದರೂ ಉಪ್ಪು ಕೊಟ್ಟಳು. ಮೇಲೆ ಎರಡು ಬಿಸಿ ಮಿರ್ಚಿಯನ್ನೂ ಇಟ್ಟಳು.

ಹೀಗೆ ನಮ್ಮ ಹಿತ್ತಲಲ್ಲಿ ಈಗ ನಿಜವಾಗಿಯೂ ಗಂಗವ್ವನದೇ ಇದ್ದಲಿ, ಗಂಗವ್ವನದೇ ಉಪ್ಪು. ದಿನಾ ಸಂಜೆ ಬರಿ ನೆಲಕ್ಕೆ ಒಂದು ಕೊಡ ನೀರು ಸುರಿಯುವ ಹುಚ್ಚಿ ಮಾತ್ರ ನಾನು!