ಅತ್ತೆಯ ಹಲ್ಲೂ ಮಾವನ ಮೈಕ್ರೋಸ್ಕೋಪೂ

ಸಾಗರದಲ್ಲಿ ನಮ್ಮ ಮಾವನ ಕೈಯಿಂದ ಹಲ್ಲು ಕೀಳಿಸಿಕೊಳ್ಳಬೇಕಾದರೆ ಹಲ್ಲು ನೋಯುತ್ತಿದ್ದರೆ ಸಾಲದು, ದೊಡ್ಡವರ ಶಿಫಾರಸು ಬೇಕಿತ್ತು! ಹಲ್ಲಿನ ಡಾಕ್ಟರಾಗಿ ಹಲ್ಲು ಕೀಳುವುದಿಲ್ಲ ಅಂದರೆ ಏನರ್ಥ? ಕ್ಷೌರದಂಗಡಿ ಇಟ್ಟುಕೊಂಡು ತಲೆ ಮುಟ್ಟುವುದಿಲ್ಲ ಅಂದ ಹಾಗಾಯಿತು. ಹೊಸನಗರದ ಗೌಡರೊಬ್ಬರು ಊದಿದ ಕೆನ್ನೆ ಹಿಡಿದುಕೊಂಡು ಬಂದು, "ಕಿತ್ತು ಬಿಸಾಕಿ ಡಾಕ್ಟ್ರೇ, ಸಂಜೆ ಬಸ್ಸಿಗೆ ಹೋಗ್ಬೇಕು" ಅಂದರೆ, ಮಾವ "ಪಾಪ, ಹಲ್ಲು ಎಂತ ತಪ್ಪು ಮಾಡಿದೆ ಗೌಡ್ರೇ?" ಅಂತ ವಕೀಲರ ಹಾಗೆ ವಾದಕ್ಕೆ ಕೂರುತ್ತಿದ್ದ. ಮೊದಲು ವರ್ಷಗಟ್ಟಲೆ ಎಗ್ಗಿಲ್ಲದೆ ಕಿತ್ತವನೇ ಇವನು. ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ಅದೇನಾಯಿತೋ, ಇಕ್ಕಳಕ್ಕೆ ನಿವೃತ್ತಿ ಕೊಟ್ಟುಬಿಟ್ಟ.

ನಾನಾಗ ಸಾಗರದ ಒಂದು ಶಾಲೆಯಲ್ಲಿ ಟೀಚರಾಗಿದ್ದೆ. ಉಳಿದುಕೊಂಡಿದ್ದು ಈ ಸೋದರಮಾವನ ಮನೆಯಲ್ಲಿ. ಮುಂದೆ ದವಾಖಾನೆ, ಹಿಂದೆ ಮನೆ, ನಡುವೆ ಒಂದು ಪರದೆ. ಅತ್ತೆ ತೀರ್ಥಹಳ್ಳಿ ಕಡೆಯವಳು. ಅವಳು ಅಡಿಗೆಮನೆಯಲ್ಲಿ ನಕ್ಕರೆ ದವಾಖಾನೆಯ ಕುರ್ಚಿಯಲ್ಲಿದ್ದವರು ಬೆಚ್ಚಿ ಬಾಯಿ ಮುಚ್ಚುತ್ತಿದ್ದರು, ಅಂಥ ನಗು!

ಆ ನಗು ಒಂದು ಬೇಸಿಗೆಯಲ್ಲಿ ನಿಂತುಹೋಯಿತು. ಮೇಲಿನ ಸಾಲಿನಲ್ಲಿ, ಕೋರೆಹಲ್ಲಿನ ಪಕ್ಕದ ಹಲ್ಲು ನೋಯತೊಡಗಿತ್ತು. ಮಾವ ಹಲ್ಲು ಕೊರೆದು, ನರ ತೆಗೆದು, ಬೇರಿನೊಳಗಿನ ಎರಡು ಕಾಲುವೆಗಳನ್ನು ಮುಚ್ಚಿದ. ನೋವು ಹೋಗಲಿಲ್ಲ. ಮತ್ತೆ ಬಿಚ್ಚಿದ, ಮತ್ತೆ ಮುಚ್ಚಿದ. ನೋವು ಜಪ್ಪಯ್ಯ ಅನ್ನಲಿಲ್ಲ.

"ಇನ್ನೊಂದು ಕಾಲುವೆ ಒಳಗೆಲ್ಲೋ ಅಡಗಿ ಕೂತಿದೆ. ಬರಿಗಣ್ಣಿಗೆ ಕಾಣ್ತಿಲ್ಲ" ಅಂದ ಮಾವ.

"ಕಾಣ್ದಿದ್ರೆ ಕಿತ್ತಾಕಿ. ಮಾವಿನ ಮಿಡಿ ಉಪ್ಪಲ್ಲಿ ಹಾಕಿ ಆಯ್ತು. ಭರಣಿ ತೆಗೆಯೋದ್ರೊಳಗೆ ಸರಿ ಮಾಡ್ಲಿಲ್ಲ ಅಂದ್ರೆ ನಾನು ತೀರ್ಥಹಳ್ಳಿಗೆ ಹೋಗಿ ಕೀಳಿಸ್ಕೊಂಡು ಬರ್ತೀನಿ!"

ಹಲ್ಲಿನ ಡಾಕ್ಟರ ಹೆಂಡತಿ ಪರಊರಿಗೆ ಹೋಗಿ ಹಲ್ಲು ಕೀಳಿಸಿಕೊಳ್ಳುವುದೇ? ಮಾವ ಮಾರನೆಯ ದಿನವೇ ಘಟ್ಟ ಇಳಿದ. ಕರಾವಳಿಯ ಕಣ್ಣಿನ ಡಾಕ್ಟರೊಬ್ಬರು ಹೊಸದು ಕೊಂಡು, ಆಪರೇಷನ್ನಿಗೆ ಬಳಸುತ್ತಿದ್ದ ಹಳೆಯ ಮೈಕ್ರೋಸ್ಕೋಪನ್ನು ಮೂಲೆಗೆ ಹಾಕಿದ್ದರಂತೆ. ಪರದೇಶದಲ್ಲಿ ಯಾರೋ ಇಂಥದ್ದರಲ್ಲಿ ಹಲ್ಲು ನೋಡುತ್ತಾರೆ ಅಂತ ಯಾವುದೋ ಪತ್ರಿಕೆಯಲ್ಲಿ ಓದಿದ್ದೇ ಇವನ ತಲೆ ಕೆಡಲು ಸಾಕಾಯಿತು. ಅದರ ಕಬ್ಬಿಣದ ಕಂಬ ಬಸ್ಸಿನ ಮೇಲೆ, ಮಸೂರಗಳಿದ್ದ ತಲೆಭಾಗ ಕಂಬಳಿ ಸುತ್ತಿಕೊಂಡು ಮಾವನ ತೊಡೆಯ ಮೇಲೆ! ಹುಲಿಕಲ್ ಘಾಟಿಯ ತಿರುವು ಬಂದಾಗಲೆಲ್ಲ ಎದೆಗೆ ಅವುಚಿಕೊಳ್ಳುತ್ತಿದ್ದನಂತೆ. ಕಂಡಕ್ಟರ್ ಬಂದು, "ಮಗೂಗೆ ಎಷ್ಟು ವರ್ಷ ಸ್ವಾಮಿ?" ಅಂತ ಕೇಳಿದನಂತೆ.

"ಮಗು ಅಲ್ಲ ಮಾರಾಯ್ರೆ, ಕಣ್ಣು!"

ಕಂಡಕ್ಟರ್ ಆಮೇಲೆ ಆ ಸೀಟಿನ ಕಡೆ ತಲೆ ಹಾಕಲಿಲ್ಲವಂತೆ.

ಕಲಿಕೆ ಶುರುವಾಯಿತು. ಮೊದಲ ದಿನ ಮಾವನಿಗೆ ಕಂಡದ್ದು ತನ್ನದೇ ರೆಪ್ಪೆಗೂದಲು. ಆಮೇಲೆ ಎರಡು ಕಣ್ಣಿಗೆ ಎರಡು ಚಂದ್ರ ಕಂಡು, ಅವು ಒಂದಾಗಲು ಒಪ್ಪಲಿಲ್ಲ. ಕೊನೆಗೊಮ್ಮೆ ಒಂದಾದವು ನೋಡಿ! "ಬಾರೇ ಬಾರೇ!" ಅಂತ ಕೂಗಿ ನನ್ನನ್ನೂ ಬಗ್ಗಿಸಿದ. ದವಾಖಾನೆಯ ಸೀಸೆಯಲ್ಲಿ ಕೂಡಿಟ್ಟಿದ್ದ ಹಳೆಯ ಹಲ್ಲೊಂದು ಕೊಡಚಾದ್ರಿಯಷ್ಟು ದೊಡ್ಡದಾಗಿ ನಿಂತಿತ್ತು. ಬಿರುಕು, ಹೊಂಡ, ಎಲೆಅಡಿಕೆಯ ಕೆಂಪು ಎಲ್ಲ ಬೆಳಗುತ್ತಿತ್ತು. ನಿಜ ಹೇಳುತ್ತೇನೆ, ನನಗೂ ಮೈ ಜುಮ್ಮೆಂದಿತು!

ಅಷ್ಟರಲ್ಲಿ ಮಾವನ ಸೂಜಿ ಆ ಬೆಳಕಿನೊಳಗೆ ಬಂತು. ಅಬ್ಬಾ, ಅದರ ಕುಣಿತವೇ!

"ನನ್ನ ಕೈ ಹಿಂಗೆ ನಡುಗ್ತದಾ? ಇದನ್ನೇ ಇಷ್ಟು ವರ್ಷ ಜನರ ಬಾಯಿಗೆ ಹಾಕಿದ್ನಾ!"

ಅಂದೇ ಕಾಫಿ ಬಿಟ್ಟ. ಕಾಫಿ ಬಿಟ್ಟ ಮಾವನ ಜೊತೆ ಬಾಳುವುದಕ್ಕಿಂತ ಹಲ್ಲುನೋವೇ ವಾಸಿ ಅನ್ನುತ್ತಿದ್ದಳು ಅತ್ತೆ.

ಮೇಲಿನ ಹಲ್ಲಿನದ್ದು ಇನ್ನೊಂದು ಫಜೀತಿ. ಅದನ್ನು ಬಾಯೊಳಗಿಟ್ಟ ಪುಟ್ಟ ಕನ್ನಡಿಯಲ್ಲೇ ನೋಡಬೇಕು. ಕನ್ನಡಿಯಲ್ಲಿ ನೋಡಿದರೆ ಮುಂದೆ ಹೋಗಬೇಕಾದ ಕೈ ಹಿಂದೆ ಹೋಗುತ್ತದೆ. ಅಭ್ಯಾಸಕ್ಕೆಂದು ಮಾವ ತೆಂಗಿನ ಕರಟವೊಂದರೊಳಗೆ ಪ್ಲಾಸ್ಟರ್ ತುಂಬಿ, ಹಳೆಯ ಹಲ್ಲುಗಳನ್ನು ಸಾಲಾಗಿ ನೆಟ್ಟ. ಅದನ್ನು ಕುರ್ಚಿಯ ತಲೆದಿಂಬಿನ ಮೇಲೆ ಮಲಗಿಸಿ, ಕೆಳಗೆ ಟವೆಲ್ ಹೊದಿಸಿ, "ಹೆದರ್ಬೇಡಿ, ನೋವಾದ್ರೆ ಕೈ ಎತ್ತಿ" ಅಂತ ಉಪಚಾರದ ಮಾತು ಬೇರೆ!

ಒಂದು ದಿನ ಅದೇ ಹೊಸನಗರದ ಗೌಡರು ಬಂದು ಹೊರಗಿನ ಬೆಂಚಿನಲ್ಲಿ ಕಾದರು, ಕಾದರು. ಕೊನೆಗೆ ಮೆಲ್ಲಗೆ ನನ್ನನ್ನು ಕರೆದರು.

"ಒಳಗಿರೋರು ಭಾರಿ ಗಟ್ಟಿ ಜನ ಟೀಚರಮ್ಮ. ಒಂದ್ಸಲಾನೂ ಅಯ್ಯೋ ಅನ್ಲಿಲ್ಲ!"

"ಅದು ತೆಂಗಿನ ಕರಟ ಗೌಡ್ರೇ."

ಗೌಡರು ಸಂಜೆ ಬಸ್ಸಿಗೆ ಕಾಯಲಿಲ್ಲ. ಮಧ್ಯಾಹ್ನದ್ದಕ್ಕೇ ಹೊರಟುಹೋದರು.

ಇನ್ನು ಕರೆಂಟಿನ ಕತೆ. ಜೋಗದಲ್ಲಿ ಹುಟ್ಟಿದ ಕರೆಂಟು ನಮ್ಮ ತಲೆಯ ಮೇಲಿನ ತಂತಿಯಲ್ಲೇ ದೂರದೂರಿಗೆ ಹೋಗುತ್ತಿತ್ತು. ಇಳಿದು ನಮ್ಮನ್ನು ಮಾತಾಡಿಸುವ ಪುರುಸೊತ್ತು ಅದಕ್ಕಿರಲಿಲ್ಲ. ಕರೆಂಟಿನ ಕೆಲಸದವರೆಲ್ಲ ಇರುತ್ತಿದ್ದದ್ದು ಜೋಗದ ಪಕ್ಕದ ಕಾರ್ಗಲ್ಲಿನಲ್ಲಿ. ಕಾರ್ಗಲ್‌ನಿಂದ ಬಂದವರೊಬ್ಬರ ಬಾಯಿಗೆ ಹತ್ತಿ ತುಂಬಿ, ಮಾವ ಮಸೂರ ಹೊಂದಿಸಿದ್ದೇ ದೀಪ ಹೋಯಿತು. ಮಾವ ಕೆಂಡವಾದ.

"ಎಂತ ಮಾರಾಯ್ರೆ, ನೀವಿಲ್ಲಿ ಬಂದು ಮಲಗಿದ್ರೆ ಅಲ್ಲಿ ಕರೆಂಟು ನೋಡೋರ್ಯಾರು? ಬರೋ ಮೊದ್ಲು ಎಲ್ಲ ಸರಿ ಇದ್ಯಾ ಅಂತ ನೋಡ್ಕೊಂಡು ಬರೋದಲ್ವಾ?"

ಆತ "ಆ... ಊ..." ಅಂತ ಕೈ ಆಡಿಸುತ್ತಲೇ ಇದ್ದ. ಹತ್ತಿ ತೆಗೆದ ಮೇಲೆ ಬಾಯಿ ಬಂತು: "ಡಾಕ್ಟ್ರೇ, ನಾನು ಅಲ್ಲಿ ಕ್ಯಾಂಟೀನಲ್ಲಿ ದೋಸೆ ಹುಯ್ಯೋನು!"

ಹೀಗೆ ಬೇಸಿಗೆ ಕಳೆಯಿತು. ಕರಟದ ಬಾಯಿಯಲ್ಲಿ ಮಾವನ ಸೂಜಿ ನಡುಗುವುದು ನಿಂತಿತು. ಉಪ್ಪಿನಕಾಯಿ ಭರಣಿ ತೆಗೆಯುವ ದಿನವೂ ಹತ್ತಿರ ಬಂತು. ಒಂದು ಭಾನುವಾರ ಬೆಳಿಗ್ಗೆ ದೀಪ ಚೆನ್ನಾಗಿ ಉರಿಯುತ್ತಿರುವುದನ್ನು ನೋಡಿ ಮಾವ, "ಬಾ, ಮಲಕ್ಕೋ" ಅಂದ.

"ಇದೇ ಕೊನೆ. ಆಗ್ಲಿಲ್ಲ ಅಂದ್ರೆ ಇವತ್ತೇ ಕೀಳ್ಬೇಕು" ಅಂತ ಹೇಳಿಯೇ ಅತ್ತೆ ಕುರ್ಚಿ ಹತ್ತಿದಳು. ಇಕ್ಕಳವನ್ನು ತಾನೇ ತಂದು ತಟ್ಟೆಯಲ್ಲಿ ಇಟ್ಟಿದ್ದಳು!

ಮಾವ ಮಸೂರಕ್ಕೆ ಕಣ್ಣಿಟ್ಟ. ತಲೆ ಎತ್ತುವಂತಿಲ್ಲ. ಸುಮ್ಮನೆ ಕೈ ಚಾಚುತ್ತಿದ್ದ, ಬೇಕಾದ್ದನ್ನು ನಾನು ಆ ಕೈಯಲ್ಲಿ ಇಡುತ್ತಿದ್ದೆ. ಎಷ್ಟು ಹೊತ್ತಾಯಿತೋ! ನನ್ನ ಕಣ್ಣು ಒಮ್ಮೆ ದೀಪದ ಮೇಲೆ, ಒಮ್ಮೆ ಇಕ್ಕಳದ ಮೇಲೆ. ಅತ್ತೆಯ ಬೆರಳುಗಳು ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದಿದ್ದವು.

"ಒಂದು ಚುಕ್ಕಿ ಕಾಣ್ತಾ ಉಂಟು" ಅಂದ ಮಾವ, ಉಸಿರು ಬಿಡದೆ. "ಸಣ್ಣ ಸೂಜಿ ಕೊಡು. ಇನ್ನೂ ಸಣ್ಣದು." ಕೂದಲೆಳೆಯಂಥದ್ದನ್ನು ಕೊಟ್ಟೆ. ಅದು ಆ ಚುಕ್ಕಿಯನ್ನು ಮುಟ್ಟಿತಂತೆ, ತಡವರಿಸಿತಂತೆ, ಸರಕ್ಕನೆ ಒಳಗಿಳಿಯಿತಂತೆ.

"ಸಿಕ್ತು! ಸಿಕ್ತು ಕಣೇ! ಮೂರನೇ ಕಾಲುವೆ!"

ನಾನೂ ಕಿರುಚಿದೆ. ಬಾಯಿ ತೆರೆದುಕೊಂಡೇ ಇದ್ದ ಅತ್ತೆಯೂ ಏನೋ ಕಿರುಚಿದಳು.

ಭರಣಿ ತೆರೆದ ದಿನ ಅತ್ತೆ ಇಡೀ ಮಿಡಿಯೊಂದನ್ನು ಆರಿಸಿ, ಬೇಕೆಂದೇ ಅದೇ ಹಲ್ಲಿಗೆ ಕೊಟ್ಟು, ಕಟಕ್ಕನೆ ಕಚ್ಚಿದಳು. ಕಣ್ಣು ಬಿಗಿಯಾಗಿ ಮುಚ್ಚಿದಳು. ಮುಖ ಹಿಂಡಿದಳು. ಎದುರಿಗೆ ಕೂತ ಮಾವನ ತುತ್ತು ಕೈಯಲ್ಲೇ ಉಳಿಯಿತು.

"ನೋವಾಯ್ತಾ?"

"ಹುಳಿ ಮಾರಾಯ್ರೆ, ಹುಳಿ!" ಅಂತ ಅತ್ತೆ ನಕ್ಕಳು. ಬೇಸಿಗೆಯಿಡೀ ಕಟ್ಟಿಟ್ಟಿದ್ದ ನಗು ಅದು, ಬೀದಿಗೇ ಕೇಳಿಸಿರಬೇಕು.

"ಒಂದು ಹಲ್ಲಿಗೆ ಇಷ್ಟೆಲ್ಲ ಬೇಕಿತ್ತಾ ಮಾವ? ಕಿತ್ತಿದ್ದರೆ ಐದು ನಿಮಿಷದ ಕೆಲಸ" ಅಂದೆ ನಾನು, ಛೇಡಿಸಲೆಂದು.

ಮಾವ ನಗಲಿಲ್ಲ. ತಟ್ಟೆಯನ್ನೇ ನೋಡುತ್ತ ಹೇಳಿದ: "ಕಾಣೋ ಹಲ್ಲು ಕೀಳಿಸ್ಕೊಂಡ ಹೆಂಗಸರು ಕುರ್ಚಿಯಿಂದ ಇಳಿಯೋವಾಗ್ಲೇ ಸೆರಗು ಬಾಯಿಗೆ ತರ್ತಾರೆ. ಆಮೇಲೆ ಎಷ್ಟು ನಗು ಬಂದ್ರೂ ಸೆರಗು ತೆಗೆಯೋದಿಲ್ಲ. ಎಷ್ಟು ಜನಕ್ಕೆ ಹಾಗೆ ಮಾಡಿ ಕಳಿಸಿದೀನೋ ನಾನು. ಇದು ಇವಳು ನಕ್ಕಾಗ ಕಾಣೋ ಹಲ್ಲು ಮಾರಾಯ್ತಿ. ಇದನ್ನ ಹ್ಯಾಗೆ ಕೀಳ್ಲಿ?"

ಅತ್ತೆಯ ಕೈ ಸೆರಗನ್ನು ಹುಡುಕಿ ಮೇಲಕ್ಕೆತ್ತಿತು. ಅವಳು ಕಣ್ಣೊರೆಸಿಕೊಂಡಳು. ಬಾಯಿ ತೆರೆದುಕೊಂಡೇ ಇತ್ತು, ಆ ಹಲ್ಲು ಕಾಣುವಷ್ಟು.